ಕೋಲು ಬಾಗಲಿ, ಕೈ ಉಳೀಲಿ

ಒಂದು ಚೂರು ಹತ್ತಿಯನ್ನು ಕೈಯಲ್ಲಿ ಹಿಡಿದು ಹದಿನೈದು ಮೀಟರ್ ದೂರ ಎಸೆಯಿರಿ ನೋಡೋಣ. ಆಗಲ್ಲ. ಎಷ್ಟೇ ಬಲ ಹಾಕಿದರೂ ಅದು ಎರಡು ಹೆಜ್ಜೆ ಆಚೆ ಹೋಗಿ ಗಾಳಿಯಲ್ಲೇ ಸುಸ್ತಾಗಿ ಬೀಳುತ್ತೆ. ಫ್ಲೈ ಫಿಶಿಂಗ್ ಮಾಡೋರಿಗೆ ದಿನವೂ ಎದುರಾಗೋ ಸಮಸ್ಯೆ ಇದೇ. ಅವರ "ಫ್ಲೈ" ಅಂದರೆ ಗರಿ, ರೋಮ, ದಾರ ಸುತ್ತಿ ಸಣ್ಣ ಕೊಕ್ಕೆಗೆ ಹುಳದ ವೇಷ ಹಾಕಿದ್ದು. ತೂಕ ಇಲ್ಲವೇ ಇಲ್ಲ ಅನ್ನಬಹುದು. ಅದನ್ನು ಹೊಳೆಯ ಆಚೆ ದಡದ ಹತ್ತಿರ, ನಿಜವಾದ ಹುಳವೇ ಬಂದು ಕೂತ ಹಾಗೆ ಮೆಲ್ಲಗೆ ಇಳಿಸಬೇಕು.

ನಮ್ಮ ಕಡೆ ಗಾಳ ಹಾಕೋದನ್ನು ನೀವು ನೋಡಿರ್ತೀರಿ. ದಾರದ ತುದಿಗೆ ಎರೆಹುಳ, ಅದರ ಮೇಲೆ ಒಂದು ಸೀಸದ ಗುಂಡು. ಎಸೆದಾಗ ಗುಂಡು ಮುಂದೆ ಹಾರುತ್ತೆ, ದಾರ ಅದರ ಹಿಂದೆ ಓಡುತ್ತೆ. ಫ್ಲೈ ಫಿಶಿಂಗ್‌ನಲ್ಲಿ ಎಲ್ಲ ಉಲ್ಟಾ. ತುದಿಯಲ್ಲಿ ತೂಕ ಇಲ್ಲ, ತೂಕ ಇರೋದು ದಾರದಲ್ಲೇ. ಪ್ಲಾಸ್ಟಿಕ್ ಲೇಪನ ಹಚ್ಚಿದ ದಪ್ಪ ದಾರ ಅದು. "ಫೈವ್ ವೇಟ್" ಅನ್ನೋ ಸಾಮಾನ್ಯ ಲೈನಿನ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತೆ. ನಮ್ಮ ಹಳೆಯ ದಪ್ಪ ಐದು ರೂಪಾಯಿ ನಾಣ್ಯದಷ್ಟು. ಆ ಒಂದು ನಾಣ್ಯವನ್ನು ಒಂಬತ್ತು ಮೀಟರ್ ಉದ್ದಕ್ಕೆ ಎಳೆದು ತೆಳ್ಳಗೆ ಮಾಡಿ, ಈಗ ಎಸಿ ಅಂದರೆ ಹೇಗೆ ಎಸೀತೀರಿ? ಇಡೀ ಕೋಲಿನ ವಿದ್ಯೆ ಇರೋದು ಈ ಪ್ರಶ್ನೆಯಲ್ಲಿ.

ನಾನು ಮೀನು ತಿನ್ನೋಳಲ್ಲ, ಹಿಡಿಯೋ ಮನೆಯವಳೂ ಅಲ್ಲ. ತೀರ್ಥಹಳ್ಳಿ ಹತ್ತಿರದ ಅಡಿಕೆ ತೋಟದ ಮನೆ ನಮ್ಮದು. ಈಗ ಇರೋದು ಅಮೆರಿಕದ ಮೊಂಟಾನಾ ರಾಜ್ಯದ ಬೋಜ್‌ಮನ್‌ನಲ್ಲಿ. ಕೆಲಸ ಸ್ಟ್ರಕ್ಚರಲ್ ಎಂಜಿನಿಯರ್. ನಮ್ಮಲ್ಲಿ ಕ್ರಿಕೆಟ್ ಹೇಗೋ ಈ ಊರಿನಲ್ಲಿ ಫ್ಲೈ ಫಿಶಿಂಗ್ ಹಾಗೆ. ಪಕ್ಕದಲ್ಲೇ ಗ್ಯಾಲಟಿನ್ ನದಿ. "ಎ ರಿವರ್ ರನ್ಸ್ ಥ್ರೂ ಇಟ್" ಅನ್ನೋ 1992ರ ಸಿನಿಮಾದ ಮೀನು ಹಿಡಿಯೋ ದೃಶ್ಯಗಳನ್ನು ಇಲ್ಲೇ ತೆಗೆದಿದ್ದು. ಬೇಸಿಗೆಯಲ್ಲಿ ಆಫೀಸಿನ ಅರ್ಧ ಜನ ಸಂಜೆ ನದಿಯಲ್ಲೇ ಇರ್ತಾರೆ. ಏಳು ವರ್ಷ ನಾನು ಅದನ್ನು ದೂರದಿಂದಲೇ ನೋಡ್ತಿದ್ದೆ.

ಎರಡು ವರ್ಷದ ಹಿಂದೆ ನನ್ನ ಬಲಗಡೆಯ ಸ್ತನದಲ್ಲಿ ಗಂಟು ಸಿಕ್ಕಿತು. ಆಪರೇಷನ್ ಆಯಿತು, ಕಂಕುಳಿನ ಗ್ರಂಥಿಗಳನ್ನೂ ತೆಗೆದರು, ಆಮೇಲೆ ರೇಡಿಯೇಷನ್. ಬೇಗ ಗೊತ್ತಾಗಿದ್ದರಿಂದ ಹೆದರಬೇಡಿ ಅಂದರು. ಹೆದರಿಕೆ ಅಂದಮಾತ್ರಕ್ಕೆ ಹೋಗಲ್ಲ, ಅದು ಬೇರೆ ಮಾತು. ಆದರೆ ದಿನನಿತ್ಯ ಕಾಡಿದ್ದು ಬಲಗೈ. ಅದು ಭುಜದ ಮಟ್ಟಕ್ಕಿಂತ ಮೇಲೆ ಏಳ್ತಿರಲಿಲ್ಲ. ಕಂಕುಳಿನಿಂದ ಮೊಣಕೈವರೆಗೆ ಚರ್ಮದ ಒಳಗೆ ಯಾರೋ ತಂತಿ ಬಿಗಿದು ಕಟ್ಟಿದ ಹಾಗೆ. ಮೇಲಿನ ಶೆಲ್ಫಿನ ಡಬ್ಬಿ ಕೈಗೆ ಸಿಗಲ್ಲ, ಮಗಳಿಗೆ ಜಡೆ ಹಾಕೋಕೆ ಆಗಲ್ಲ. ಗೋಡೆಯ ಮೇಲೆ ಬೆರಳಿನಿಂದ ಹತ್ತುವ ವ್ಯಾಯಾಮ ಕೊಟ್ಟಿದ್ದರು. ದಿನಕ್ಕೆ ಮೂರು ಸಲ ಗೋಡೆ ನೋಡ್ತಾ ನಿಲ್ಲಬೇಕು. ಎರಡನೇ ತಿಂಗಳಿಗೆ ಆ ಗೋಡೆ ಕಂಡರೆ ಅಳು ಬರ್ತಿತ್ತು.

ಆಗ ಫಿಸಿಯೋಥೆರಪಿಸ್ಟ್ ಕೇಳಿದರು: "ಈ ಊರಲ್ಲಿದ್ದೀರಿ, ಫ್ಲೈ ಕಾಸ್ಟಿಂಗ್ ಯಾಕೆ ಮಾಡಬಾರದು?"

ತಮಾಷೆಗೆ ಕೇಳಿದ್ದಲ್ಲ. "ಕಾಸ್ಟಿಂಗ್ ಫಾರ್ ರಿಕವರಿ" ಅಂತ ಒಂದು ಸಂಸ್ಥೆ ಇದೆ, 1996ರಲ್ಲಿ ವರ್ಮಾಂಟ್ ರಾಜ್ಯದಲ್ಲಿ ಶುರುವಾಗಿದ್ದು. ಸ್ತನ ಕ್ಯಾನ್ಸರ್ ಆದ ಹೆಂಗಸರನ್ನು ನದಿ ದಡಕ್ಕೆ ಕರೆದು, ಖರ್ಚಿಲ್ಲದೆ, ಫ್ಲೈ ಫಿಶಿಂಗ್ ಕಲಿಸ್ತಾರೆ. ಲೈನ್ ಎಸೆಯುವಾಗ ತೋಳು, ಭುಜ ಮಾಡೋ ಚಲನೆ, ಆಪರೇಷನ್ ಆದಮೇಲೆ ಕೊಡೋ ವ್ಯಾಯಾಮದ ಚಲನೆ, ಎರಡೂ ಹೆಚ್ಚು ಕಡಿಮೆ ಒಂದೇ ಅನ್ನೋದು ಅದರ ಮೂಲ ಯೋಚನೆ. "ಆದರೆ ಮೆಲ್ಲಗೆ. ಕೋಲು ಬಾಗಬೇಕು, ನೀವಲ್ಲ" ಅಂದರು ಅವರು.

ಆ ಮಾತು ನನ್ನೊಳಗಿನ ಎಂಜಿನಿಯರಿಗೆ ಹಿಡಿಸಿಬಿಡ್ತು. ಬೀಮು, ಕ್ಯಾಂಟಿಲಿವರು, ಬಾಗುವಿಕೆ ನನ್ನ ಅನ್ನದ ವಿಷಯ. ಆದರೆ ನಮ್ಮ ಕೆಲಸದಲ್ಲಿ ಸಜ್ಜಾ ಆಗಲಿ ಬಾಲ್ಕನಿ ಆಗಲಿ ಆದಷ್ಟು ಬಾಗಬಾರದು. ಬಾಗಲಿ ಅಂತಲೇ ಮಾಡಿದ ಕ್ಯಾಂಟಿಲಿವರನ್ನು ಕೈಯಲ್ಲಿ ಹಿಡಿದಿದ್ದು ಅದೇ ಮೊದಲು. ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರು ತಮ್ಮ ಹಳೆಯ ರಾಡ್ ಕೊಟ್ಟರು. ಪಾರ್ಕಿನ ಹುಲ್ಲಿನ ಮೇಲೆ, ಕೊಕ್ಕೆಯ ಬದಲು ಒಂದು ತುಂಡು ಕೆಂಪು ಉಲ್ಲನ್ ಕಟ್ಟಿಕೊಂಡು ಶುರು ಮಾಡಿದೆ. ಇಲ್ಲಿ ಕಲಿಯೋರೆಲ್ಲ ಹಾಗೇ ಶುರು ಮಾಡೋದು.

ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ.

"ಎಂತದೇ ಇದು ಮಾರಾಯ್ತಿ? ಶೃಂಗೇರಿಲಿ ಮೀನಿಗೆ ಮಂಡಕ್ಕಿ ಹಾಕಿ ಬೆಳೆದೋಳು, ಈಗ ಗಾಳ ಹಿಡ್ಕಂಡು ನಿಂತಿದೀಯಲ್ಲೇ!"

"ಗಾಳ ಇಲ್ಲ ಅಮ್ಮ, ನೀರೂ ಇಲ್ಲ. ಹುಲ್ಲಿನ ಮೇಲೆ ಉಲ್ಲನ್ ಎಸೆಯೋದು. ಕೈಗೆ ಒಳ್ಳೇದಂತೆ."

ಅಮ್ಮ ಸುಮ್ಮನಾದಳು. ಕೈಗೆ ಒಳ್ಳೇದು ಅಂದಮೇಲೆ ಅವಳ ಹತ್ತಿರ ಉತ್ತರ ಇರಲಿಲ್ಲ.

ಮಾವಿನೆಲೆಯ ನೀರು

ಮೊದಲನೇ ಪಾಠ: ನಿಲ್ಲಿಸೋದು. ಮನೆಯಲ್ಲಿ ಪುಣ್ಯಾಹ ಮಾಡುವಾಗ ಭಟ್ಟರು ಮಾವಿನೆಲೆಯನ್ನು ನೀರಿನಲ್ಲಿ ಅದ್ದಿ ಪ್ರೋಕ್ಷಣೆ ಮಾಡ್ತಾರಲ್ಲ, ಗಮನಿಸಿ. ಕೈ ಮುಂದೆ ಬರುತ್ತೆ, ಥಟ್ಟನೆ ನಿಲ್ಲುತ್ತೆ. ಎಲೆ ನಿಂತಿತು, ನೀರಿಗೆ ನಿಲ್ಲಬೇಕು ಅಂತ ಹೇಳೋರು ಯಾರೂ ಇಲ್ಲ, ಅದು ಬಂದ ವೇಗದಲ್ಲೇ ಮುಂದೆ ಹಾರುತ್ತೆ. ಕೈಯನ್ನು ನಿಲ್ಲಿಸದೆ ಹಾಗೇ ಕೆಳಗೆ ಇಳಿಸಿದರೆ ನೀರು ನಿಮ್ಮ ಕಾಲಿನ ಮೇಲೇ ಬೀಳುತ್ತೆ.

ಫ್ಲೈ ಲೈನ್ ಹೋಗೋದೂ ಹೀಗೇ. ಕೋಲನ್ನು ಮೆಲ್ಲಗೆ ಶುರುಮಾಡಿ, ವೇಗ ಹೆಚ್ಚಿಸುತ್ತಾ ಹೋಗಿ, ಥಟ್ಟನೆ ನಿಲ್ಲಿಸಬೇಕು. ಕೋಲಿನ ತುದಿ ನಿಂತ ಕ್ಷಣ ದಾರ ಅದನ್ನು ದಾಟಿ ಮುಂದೆ ಹೋಗುತ್ತೆ. ದಾರದ ಒಂದು ತುದಿ ಕೋಲಿನಲ್ಲೇ ಸಿಕ್ಕಿಕೊಂಡಿದೆ, ಉಳಿದದ್ದು ಮೇಲಿನಿಂದ ಓಡ್ತಿದೆ. ಹಾಗಾಗಿ ಮಲಗಿಸಿದ "ಯು" ಅಕ್ಷರದ ಆಕಾರ ಬರುತ್ತೆ. ಇದಕ್ಕೆ ಲೂಪ್ ಅಂತಾರೆ. ಲೂಪ್ ಸಣ್ಣದಾಗಿ, ಕಿರಿದಾಗಿ ಇದ್ದರೆ ಗಾಳಿಯನ್ನು ಸೀಳಿಕೊಂಡು ಹೋಗುತ್ತೆ. ಅಗಲವಾದರೆ ಕೊಡೆ ಬಿಚ್ಚಿಕೊಂಡು ಓಡಿದ ಹಾಗೆ, ಗಾಳಿ ತಡೆಯುತ್ತೆ.

ಗಡಿಯಾರದ ಮುಳ್ಳು

ಲೂಪ್ ಕಿರಿದಾಗೋಕೆ ಕೋಲಿನ ತುದಿ ನೇರವಾದ ಗೆರೆಯಲ್ಲಿ ಹೋಗಬೇಕು. ಎಲ್ಲ ಕಷ್ಟ ಇರೋದು ಇಲ್ಲೇ.

ಗೋಡೆ ಗಡಿಯಾರದ ಮುಳ್ಳನ್ನು ನೆನೆಸಿಕೊಳ್ಳಿ. ಹನ್ನೊಂದರಿಂದ ಒಂದಕ್ಕೆ ಹೋಗುವಾಗ ಮುಳ್ಳಿನ ತುದಿ ಹನ್ನೆರಡರ ಹತ್ತಿರ ಮೇಲೇರಿ ಮತ್ತೆ ಇಳಿಯುತ್ತೆ. ಗಟ್ಟಿ ಕೋಲನ್ನು ಕೈಯಲ್ಲಿ ಹಿಡಿದು ತಿರುಗಿಸಿದರೂ ಅದೇ ಕಮಾನು. ಸಾಮಾನ್ಯ ಫ್ಲೈ ರಾಡ್ ಉದ್ದ 9 ಅಡಿ, ಅಂದರೆ ಸುಮಾರು 2.7 ಮೀಟರ್. ಹನ್ನೊಂದರಿಂದ ಒಂದಕ್ಕೆ ತಿರುಗಿಸಿದರೆ ಅದರ ತುದಿ ನಡುವೆ ಸುಮಾರು 36 ಸೆಂಟಿಮೀಟರ್ ಮೇಲೇರಿ ಇಳಿಯುತ್ತೆ. ದಾರವೂ ಆ ಕಮಾನಿನ ದಾರಿಯಲ್ಲೇ ಹೋಗಿ ಲೂಪ್ ಅಗಲವಾಗುತ್ತೆ.

ಈಗ ಮುಳ್ಳು ಬಾಗೋ ಹಾಗಿದ್ದರೆ? ಶುರುವಿನಲ್ಲಿ ನೇರ. ನಡುವೆ ದಾರದ ಎಳೆತಕ್ಕೆ ಬಾಗುತ್ತೆ. ಬಾಗಿದ ಕೋಲಿನ ಬುಡದಿಂದ ತುದಿಗೆ ಅಳೆದರೆ ಅದು ಗಿಡ್ಡವಾಗಿರುತ್ತೆ. ಸರಿಯಾಗಿ 36 ಸೆಂಟಿಮೀಟರ್ ಗಿಡ್ಡವಾದರೆ ತುದಿ ಮೇಲೆ ಏಳುವುದೇ ಇಲ್ಲ. ಕೊನೆಗೆ ನಿಲ್ಲಿಸಿದಾಗ ಮತ್ತೆ ನೇರ. ಹೀಗೆ ಕೈ ಕಮಾನಿನಲ್ಲಿ ತಿರುಗಿದರೂ ತುದಿ ಗೆರೆ ಎಳೆದ ಹಾಗೆ ನೇರ ಹೋಗುತ್ತೆ. ಫ್ಲೈ ರಾಡ್ ಬಾಗೋದರ ದೊಡ್ಡ ಉಪಯೋಗ ಇದು. ಕಾಗದದ ಮೇಲೆ ಈ ಲೆಕ್ಕ ಹಾಕಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಖುಷಿಗೆ. ಎಷ್ಟೋ ತಿಂಗಳ ಮೇಲೆ ಕಾಯಿಲೆ ಬಿಟ್ಟು ಬೇರೆ ಕಾರಣಕ್ಕೆ ನಿದ್ದೆ ಕೆಟ್ಟಿದ್ದು.

ಇದರಿಂದ ಇನ್ನೂ ಎರಡು ವಿಷಯ ತಾನಾಗಿ ಹೊರಡುತ್ತೆ. ಒಂದು, ಹೆಚ್ಚು ದಾರ ಹೊರಗಿದ್ದರೆ ಹೆಚ್ಚು ತೂಕ, ಕೋಲು ಹೆಚ್ಚು ಬಾಗುತ್ತೆ, ಆಗ ಕೈಯೂ ಹೆಚ್ಚು ಅಗಲಕ್ಕೆ ತಿರುಗಬೇಕು. ಹತ್ತಿರ ಎಸೆಯೋಕೆ ಸಣ್ಣ ಚಲನೆ, ದೂರಕ್ಕೆ ದೊಡ್ಡದು. ಎರಡು, ನಡುವೆ ಒಮ್ಮೆಲೇ ಜೋರು ಮಾಡಿದರೆ ಕೋಲು ಬೇಕಾದ್ದಕ್ಕಿಂತ ಹೆಚ್ಚು ಬಾಗಿ ತುದಿ ಗೆರೆಯಿಂದ ಕೆಳಗೆ ಇಳಿದು ಮತ್ತೆ ಏಳುತ್ತೆ. ಆಗ ಲೂಪಿನ ಮೇಲಿನ ದಾರ ಕೆಳಗಿನ ದಾರವನ್ನು ಅಡ್ಡ ಹಾಯ್ದು ಗಂಟು ಬೀಳುತ್ತೆ. ಇದಕ್ಕೆ ಇಲ್ಲಿನವರು "ವಿಂಡ್ ನಾಟ್" ಅಂತಾರೆ, ಅಂದರೆ ಗಾಳಿ ಹಾಕಿದ ಗಂಟು. ಪಾಪ, ಗಾಳಿಯ ಮೇಲೆ ಸುಮ್ಮನೆ ಅಪವಾದ.

ಬಿಲ್ಲೋ, ಸನ್ನೆಕೋಲೋ?

ಕೋಲು ಬಿಲ್ಲಿನ ಹಾಗೆ ಬಾಗಿ, ಶಕ್ತಿ ತುಂಬಿಕೊಂಡು, ಬಾಣ ಬಿಟ್ಟ ಹಾಗೆ ದಾರವನ್ನು ಬಿಡುತ್ತೆ ಅಂತ ತುಂಬಾ ಜನ ಹೇಳ್ತಾರೆ. ಕೇಳೋಕೆ ಚೆನ್ನಾಗಿದೆ. ಅರ್ಧ ಸತ್ಯ. ಬಾಗಿದ ಕೋಲಿನಲ್ಲಿ ಶಕ್ತಿ ಇರುತ್ತೆ, ನೇರವಾಗುವಾಗ ಅದರಲ್ಲಿ ಒಂದು ಪಾಲು ದಾರಕ್ಕೆ ಸಿಗುತ್ತೆ, ನಿಜ. ಆದರೆ ದಾರದ ವೇಗದ ದೊಡ್ಡ ಪಾಲು ಬರೋದು ಕೋಲನ್ನು ತಿರುಗಿಸೋದರಿಂದ. ಕೈ ಒಂದಡಿ ಸರಿಯುವಷ್ಟರಲ್ಲಿ ಉದ್ದದ ಕೋಲಿನ ತುದಿ ಅದರ ಹಲವು ಪಟ್ಟು ಸರಿದಿರುತ್ತೆ. ಅಂದರೆ ಸನ್ನೆಕೋಲು. ಬಿಲ್ಲಿನ ಹಾಗೆ ಕೋಲನ್ನು ಬರೀ ಬಾಗಿಸಿ ಬಿಟ್ಟುನೋಡಿ, ದಾರ ಕಾಲಬುಡದಲ್ಲೇ ಮುದ್ದೆಯಾಗಿ ಬೀಳುತ್ತೆ. ಪಳಗಿದವರು ಕೋಲೇ ಇಲ್ಲದೆ ಬರಿಗೈಯಲ್ಲಿ ಲೈನ್ ಎಸೆದು ತೋರಿಸೋದೂ ಉಂಟು.

ಹಾಗಾದರೆ ಬಲ ಇದ್ದವರೇ ಗೆಲ್ತಾರಾ? ಇಲ್ಲ. ಜೋನ್ ವುಲ್ಫ್ ಅನ್ನೋ ಅಮೆರಿಕನ್ ಮಹಿಳೆ 1951ರಲ್ಲಿ, ಉಳಿದವರೆಲ್ಲ ಗಂಡಸರೇ ಇದ್ದ ದೂರ ಎಸೆತದ ಸ್ಪರ್ಧೆಯಲ್ಲಿ ಗೆದ್ದರು. ಅವರು ಡ್ಯಾನ್ಸ್ ಟೀಚರ್ ಕೂಡ ಆಗಿದ್ದವರು. ತಾಳ ಗೊತ್ತಿದ್ದವರಿಗೆ ತೋಳಿನ ಗಾತ್ರ ಮುಖ್ಯವಲ್ಲ. ಒಂದು ಕಡೆಯ ತೋಳು ಸೊರಗಿದ್ದ ನನಗೆ ಅವರ ಕಥೆ ಎಷ್ಟು ಧೈರ್ಯ ಕೊಟ್ಟಿರಬಹುದು, ನೀವೇ ಊಹಿಸಿ.

ದೋಟಿಯ ನೆಂಟಸ್ತಿಕೆ

ಕೋಲು ಎಲ್ಲ ಕಡೆ ಒಂದೇ ಸಮ ಬಾಗಲ್ಲ. ಬುಡ ದಪ್ಪ, ತುದಿ ಸಣ್ಣ. ಗಟ್ಟಿ ದುಂಡು ಕೋಲಿನಲ್ಲಿ ದಪ್ಪ ಎರಡು ಪಟ್ಟಾದರೆ ಬಾಗಿಸೋ ಕಷ್ಟ ಎರಡು ಪಟ್ಟಲ್ಲ, ಹದಿನಾರು ಪಟ್ಟು ಆಗುತ್ತೆ. ವ್ಯಾಸದ ನಾಲ್ಕನೇ ಘಾತ ಅಂತ ಕಾಲೇಜಿನಲ್ಲಿ ಓದಿದ್ದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ನಮ್ಮ ಹಿರಿಯರು ಗಾದೆ ಮಾಡಿದಾಗ ಈ ಸೂತ್ರ ಗೊತ್ತಿರಲಿಲ್ಲ, ಆದರೆ ಲೆಕ್ಕ ಸರಿ ಇದೆ. ಫ್ಲೈ ರಾಡ್ ಒಳಗೆ ಟೊಳ್ಳು, ಹಾಗಾಗಿ ಸಂಖ್ಯೆ ಸ್ವಲ್ಪ ಬದಲಾಗುತ್ತೆ, ತತ್ವ ಅದೇ. ಕಡಿಮೆ ದಾರ ಇದ್ದಾಗ ತುದಿ ಮಾತ್ರ ಬಾಗುತ್ತೆ. ದಾರ ಹೆಚ್ಚಿದ ಹಾಗೆ ಬಾಗು ನಡುವಿಗೆ, ಆಮೇಲೆ ಬುಡದ ಕಡೆಗೆ ಇಳಿಯುತ್ತೆ. ಎಷ್ಟು ಭಾರ ಬಂತೋ ಅಷ್ಟೇ ಕೋಲು ಕೆಲಸಕ್ಕೆ ಇಳಿಯೋದು.

ನಮ್ಮ ಮಲೆನಾಡಿನವರಿಗೆ ಇದು ಹೊಸದಲ್ಲ. ಅಡಿಕೆ ಮರದ ತುದಿಯಲ್ಲಿ ಕೂತು ಕೊನೆ ತೆಗೆಯೋರು, ಮರವನ್ನೇ ತೂಗಿಸಿ ಬಾಗಿಸಿ ಪಕ್ಕದ ಮರ ಹಿಡಿಯೋದನ್ನು ನೋಡಿಯೇ ನಾವು ಬೆಳೆದವರು. ಮತ್ತೆ ದೋಟಿ! ಬಿದಿರಿನ ಉದ್ದ ದೋಟಿಯನ್ನು ನೆಟ್ಟಗೆ ಎತ್ತಿ ನಿಲ್ಲಿಸೋ ಹೊತ್ತಿಗೆ ಅದರ ತುದಿ ಎಲ್ಲೆಲ್ಲೋ ತೂರಾಡುತ್ತೆ.

ಫ್ಲೈ ರಾಡಿನ ಚರಿತ್ರೆಯೂ ಬಿದಿರಿನಲ್ಲೇ ಇದೆ, ಅದರಲ್ಲಿ ನಮ್ಮ ದೇಶದ ಹೆಸರೂ ಇದೆ. 19ನೇ ಶತಮಾನದಲ್ಲಿ ಅಮೆರಿಕದ ಕುಶಲಕರ್ಮಿಗಳು ಬಿದಿರನ್ನು ಸೀಳಿ, ತ್ರಿಕೋನದ ಪಟ್ಟಿ ಮಾಡಿ, ಸಾಮಾನ್ಯವಾಗಿ ಆರು ಪಟ್ಟಿ ಅಂಟಿಸಿ ರಾಡ್ ಮಾಡೋಕೆ ಶುರುಮಾಡಿದರು. ಅವರು ಮೊದಲು ಬಳಸಿದ್ದು ಭಾರತದಿಂದ ಹೋದ ಬಿದಿರು, ಅದನ್ನು "ಕಲ್ಕತ್ತಾ ಕೇನ್" ಅಂತಿದ್ದರು. ಆಮೇಲೆ ದಕ್ಷಿಣ ಚೀನಾದ "ಟೊಂಕಿನ್" ಬಿದಿರು ಬಂತು. ಸೀಳಿ ಅಂಟಿಸೋದರ ಗುಟ್ಟು ಇಷ್ಟೇ: ಬಿದಿರಿನ ಬಲವಾದ ನಾರು ಇರೋದು ಹೊರಸಿಪ್ಪೆಯ ಹತ್ತಿರ. ಯಾವುದೇ ಕೋಲು ಬಾಗಿದಾಗ ಒಂದು ಮಗ್ಗುಲು ಹಿಗ್ಗುತ್ತೆ, ಇನ್ನೊಂದು ಕುಗ್ಗುತ್ತೆ. ಎಲ್ಲಕ್ಕಿಂತ ಹೆಚ್ಚು ಒತ್ತಡ ಬೀಳೋದು ಹೊರಮೈಗೆ, ನಟ್ಟನಡುವೆ ಒತ್ತಡವೇ ಇಲ್ಲ. ಅದಕ್ಕೇ ಬಲವಾದ ನಾರು ಹೊರಗೆ ಬರೋ ಹಾಗೆ ಪಟ್ಟಿ ಜೋಡಿಸ್ತಾರೆ.

1950ರಲ್ಲಿ ಚೀನಾದಿಂದ ಬರೋ ಸಾಮಾನಿಗೆ ಅಮೆರಿಕ ತಡೆ ಹಾಕಿದಾಗ ಟೊಂಕಿನ್ ಬಿದಿರು ಸಿಗೋದು ಕಷ್ಟವಾಯಿತು, ಫೈಬರ್‌ಗ್ಲಾಸ್ ರಾಡುಗಳ ಕಾಲ ಬಂತು. 1970ರ ದಶಕದಲ್ಲಿ ಕಾರ್ಬನ್ ಫೈಬರ್. ಸಾಮಾನ್ಯ ದರ್ಜೆಯ ಕಾರ್ಬನ್ ನಾರು ಉಕ್ಕಿನಷ್ಟೇ ಬಿಗಿ, ತೂಕ ಮಾತ್ರ ಉಕ್ಕಿನ ನಾಲ್ಕನೇ ಒಂದು ಭಾಗದ ಹತ್ತಿರ. ತೂಕ ಕಡಿಮೆ, ಬಿಗಿ ಹೆಚ್ಚು ಅಂದರೆ ಬಾಗಿದ ಕೋಲು ಬೇಗ ನೇರವಾಗಿ, ಹೆಚ್ಚು ತೂರಾಡದೆ ನಿಲ್ಲುತ್ತೆ.

ಇದನ್ನು ಅಪ್ಪನಿಗೆ ಫೋನಿನಲ್ಲಿ ಹೇಳ್ತಿದ್ದೆ. ಅಪ್ಪ ನಕ್ಕರು. "ನಿಂಗೆ ಗೊತ್ತಿಲ್ವಾ? ನಮ್ಮಲ್ಲೂ ಈಗ ಕಾರ್ಬನ್ ಫೈಬರ್ ದೋಟಿ ಬಂದದೆ. ಔಷಧಿ ಹೊಡೆಯದು, ಕೊನೆ ಕೊಯ್ಯದು ಎಲ್ಲ ಕೆಳಗೆ ನಿಂತೇ." ಮರ ಹತ್ತೋರು ಸಿಗದ ಕಾಲದಲ್ಲಿ ಅಡಿಕೆ ತೋಟ ಉಳಿಸ್ತಿರೋ ಕೋಲು, ಮೊಂಟಾನಾದ ಟ್ರೌಟ್ ಮೀನಿಗೆ ಉಲ್ಲನ್ ಎಸೆಯೋ ಕೋಲು, ಎರಡೂ ಒಂದೇ ವಂಶ. ಅವತ್ತು ನಾವಿಬ್ಬರೂ ಮುಕ್ಕಾಲು ಗಂಟೆ ಮಾತಾಡಿದೆವು. ಕಾಯಿಲೆ ಬಂದಮೇಲೆ ಅಪ್ಪ ನನ್ನ ಹತ್ತಿರ "ಹುಷಾರಿದೀಯಾ" ಬಿಟ್ಟು ಬೇರೆ ಮಾತಾಡಿದ್ದು ಅದೇ ಮೊದಲು.

ಕೈಗೆ ಬಂದ ಲೆಕ್ಕ

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ. ಕೋಲಿನ ತುದಿಯಲ್ಲಿ ದಾರದ ಎಳೆತ ಒಂದು ನ್ಯೂಟನ್, ಅಂದರೆ ನೂರು ಗ್ರಾಂ ತೂಗುಹಾಕಿದಷ್ಟು ಇದೆ ಅಂದುಕೊಳ್ಳಿ. ನೂರು ಗ್ರಾಂ ಯಾವ ಲೆಕ್ಕ ಅನ್ನಿಸುತ್ತೆ. ಆದರೆ ಅದು ಇರೋದು 2.7 ಮೀಟರ್ ಆಚೆ. ಮಣಿಕಟ್ಟಿಗೆ ಬೀಳೋ ತಿರುಚುಬಲ 2.7 ನ್ಯೂಟನ್ ಮೀಟರ್. ಒಂದಡಿ ಉದ್ದದ ಸೌಟಿನ ತುದಿಯಲ್ಲಿ ಒಂದು ಕಿಲೋ ಹತ್ತಿರದ ತೂಕ ಹಿಡಿದ ಹಾಗೆ. ಆಪರೇಷನ್ ಆದ ಕೈಗೆ ಅದು ಆಟ ಅಲ್ಲ.

ಕೋಲು ಬಾಗಿದರೆ? ತುದಿ ಹತ್ತಿರ ಬರುತ್ತೆ. ಆ 36 ಸೆಂಟಿಮೀಟರ್ ಕಡಿಮೆಯಾಗಿ ದೂರ 2.34 ಮೀಟರ್ ಆಗುತ್ತೆ. ತಿರುಚುಬಲ ಶೇಕಡಾ 13ರಷ್ಟು ಇಳೀತು. ಅದಕ್ಕಿಂತ ದೊಡ್ಡ ಲಾಭ, ಬಾಗೋ ಕೋಲು ಎಳೆತವನ್ನು ಒಂದೇ ಏಟಿಗೆ ಕೈಗೆ ಕೊಡಲ್ಲ, ಮೆಲ್ಲಗೆ ಏರಿಸಿ ಮೆಲ್ಲಗೆ ಇಳಿಸುತ್ತೆ. ಬಸ್ಸಿನ ಸಸ್ಪೆನ್ಷನ್ ಇದ್ದ ಹಾಗೆ. ಗಟ್ಟಿ ಕೋಲಿನಲ್ಲಿ ಪ್ರತಿ ಎಸೆತವೂ ಹೊಂಡಕ್ಕೆ ಬಿದ್ದ ಬಸ್ಸು. ಮೊದಲು ಹಗುರ ದಾರ, ಹೆಚ್ಚು ಬಾಗೋ ರಾಡ್, ದಿನಕ್ಕೆ ಹತ್ತೇ ನಿಮಿಷ ಅಂತ ಫಿಸಿಯೋಥೆರಪಿಸ್ಟ್ ಹೇಳಿದ್ದರ ಅರ್ಥ ಆಗ ಆಯಿತು. ನಿಮ್ಮಲ್ಲಿ ಯಾರಿಗಾದರೂ ಇಂಥ ಆಪರೇಷನ್ ಆಗಿದ್ದರೆ, ಯಾವ ಕೋಲು ಹಿಡಿಯೋ ಮೊದಲೂ ನಿಮ್ಮ ಡಾಕ್ಟರನ್ನು ಕೇಳಿ.

ಕಾಯೋ ಪಾಠ

ಮುಂದೆ ಎಸೆಯೋ ಮೊದಲು ದಾರವನ್ನು ಹಿಂದೆ ಎಸೀಬೇಕು. ಹಿಂದೆ ಎಸೆದು, ನಿಲ್ಲಿಸಿ, ಕಾಯಬೇಕು. ಲೂಪ್ ಪೂರ್ತಿ ಬಿಚ್ಚಿ ದಾರ ಬೆನ್ನ ಹಿಂದೆ ನೇರವಾಗೋವರೆಗೆ. ಮುಂಚೆಯೇ ಮುಂದೆ ತಂದರೆ ಕೋಲಿಗೆ ಎಳೆಯೋಕೆ ಏನೂ ಸಿಗಲ್ಲ, ಬಾಗಲ್ಲ, ಮತ್ತೆ ಚಾಟಿಯ ಹಾಗೆ "ಛಟ್" ಅನ್ನುತ್ತೆ. ಬಾರುಕೋಲಿನ ಸದ್ದು ಬರೋದೂ ಹಾಗೇ.

ಲೂಪ್ ಬಿಚ್ಚೋದರಲ್ಲೂ ಒಂದು ಚಂದ ಇದೆ. ಮೇಲಿನ ದಾರ ಓಡೋ ವೇಗದ ಅರ್ಧ ವೇಗದಲ್ಲಿ ಲೂಪಿನ ಮೂಗು ಮುಂದೆ ಹೋಗುತ್ತೆ. ಹೋದ ಹಾಗೆಲ್ಲ ಓಡೋ ದಾರ ಗಿಡ್ಡವಾಗುತ್ತೆ, ನಿಂತ ದಾರ ಉದ್ದವಾಗುತ್ತೆ. ಗಾಳಿಯ ತಡೆ ಇಲ್ಲದಿದ್ದರೆ ಇದ್ದಬದ್ದ ಶಕ್ತಿಯೆಲ್ಲ ಕೊನೆಯ ಚೂರು ದಾರಕ್ಕೆ ಸೇರಿ ಅದು ಹುಚ್ಚು ವೇಗದಲ್ಲಿ ಹೋಗ್ತಿತ್ತು. ಗಾಳಿ ಇರೋದರಿಂದ, ದಾರವನ್ನು ತುದಿಗೆ ಬರ್ತಾ ತೆಳ್ಳಗೆ ಮಾಡಿರೋದರಿಂದ, ಶಕ್ತಿ ದಾರಿಯಲ್ಲೇ ಕರಗುತ್ತೆ, ಹುಳ ಮೆಲ್ಲಗೆ ನೀರಿಗೆ ಇಳಿಯುತ್ತೆ. ಗ್ರೇಗ್ ಸ್ಪೋಲೆಕ್ ಅನ್ನೋ ಎಂಜಿನಿಯರ್ 1986ರಲ್ಲೇ "ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್"ನಲ್ಲಿ ಈ ದಾರದ ಗಣಿತ ಬರೆದಿದ್ದಾರೆ.

ಕಾಯೋದು ಒಂದೇ ಸೆಕೆಂಡ್ ಇರಬಹುದು. ಆದರೆ ರಿಪೋರ್ಟ್‌ಗಾಗಿ ಕಾದು ಕಾದು ಬೇಸತ್ತ ನನ್ನಂಥವಳಿಗೆ, ಕಾದರೆ ಖಂಡಿತ ಫಲ ಸಿಗೋ ಒಂದು ಸೆಕೆಂಡ್ ದೊಡ್ಡ ಔಷಧಿ ಆಗಿತ್ತು. ಇಲ್ಲಿ ಕಾದದ್ದಕ್ಕೆ ಉತ್ತರ ಪ್ರತಿ ಸಲವೂ ಕೈಗೇ ಬರುತ್ತೆ. ಕೋಲು ಬಾಗೋದು ಹಿಡಿಯಲ್ಲಿ ಗೊತ್ತಾಗುತ್ತೆ.

ಮೀನಿನ ಮಾತು

ನಾಲ್ಕನೇ ತಿಂಗಳು ನದಿಗೆ ಹೋದೆ. ಮೀನಿನ ಪ್ರಶ್ನೆ ಅಲ್ಲಿ ಎದುರಾಯಿತು. ಹಿಡಿದು ಬಿಟ್ಟುಬಿಡೋದು ಇಲ್ಲಿ ಸಾಮಾನ್ಯ ಪದ್ಧತಿ. ಯೆಲ್ಲೋಸ್ಟೋನ್ ಪಾರ್ಕಿನೊಳಗೆ ಅಲ್ಲಿನ ಮೂಲ ತಳಿ ಕಟ್‌ಥ್ರೋಟ್ ಟ್ರೌಟ್ ಸಿಕ್ಕರೆ ಬಿಡಲೇಬೇಕು. ಬಾಗೋ ಕೋಲು ಇಲ್ಲೂ ಕಾಯುತ್ತೆ. ಮೀನಿಗೆ ಕಟ್ಟಿರೋ ಕೊನೆಯ ದಾರ "5ಎಕ್ಸ್" ಆದರೆ ಅದರ ದಪ್ಪ 0.15 ಮಿಲಿಮೀಟರ್. ಮೀನು ಜಗ್ಗಿದಾಗ ಆ ಕೂದಲಿನಂಥ ದಾರ ಕಡಿಯದೇ ಇರೋದು ಕೋಲು ಬಾಗಿ ಜಗ್ಗನ್ನು ನುಂಗೋದರಿಂದ.

ಆದರೂ ಕೊಕ್ಕೆ ಕೊಕ್ಕೆಯೇ. ಬಾಯಿಗೆ ಚುಚ್ಚಿದ ಮೇಲೆ ಬಿಟ್ಟರೂ ಚುಚ್ಚಿದ್ದು ಹೌದು. ಸೂಜಿ, ನಳಿಗೆ ಚುಚ್ಚಿಸಿಕೊಂಡು ಬಂದವಳಿಗೆ ಆ ವಿಷಯ ಹಗುರ ಅನ್ನಿಸಲಿಲ್ಲ. ನನ್ನ ಸಹೋದ್ಯೋಗಿ ಏನೂ ವಾದ ಮಾಡದೆ, ಇಕ್ಕಳ ತೆಗೆದು ಕೊಕ್ಕೆಯ ಬಾಗಿದ ಭಾಗ ಕತ್ತರಿಸಿ ಕೊಟ್ಟರು. ಹೀಗೆ ಮಾಡೋರು ಇನ್ನೂ ಇದ್ದಾರಂತೆ. ಆ ಕೊಕ್ಕೆಯಿಲ್ಲದ ಹುಳವನ್ನು ಬಂಡೆಯ ಪಕ್ಕದ ನೀರಿಗೆ ಎಸೆದೆ. ಮೂರನೇ ಸಲ ನೀರು ಸೀಳಿ ಒಂದು ಟ್ರೌಟ್ ಎದ್ದು ಅದನ್ನು ಬಾಯಿಗೆ ಹಾಕಿಕೊಂಡಿತು. ಅರೆಕ್ಷಣ ಕೋಲಿನ ತುದಿ ಬಾಗಿತು. ಮೀನು "ಥೂ" ಅಂತ ಉಗಿದು ಹೋಯಿತು. ನನಗೆ ಅಷ್ಟು ಸಾಕು. ನನ್ನ ಬಲಗೈ ತಲೆಗಿಂತ ಮೇಲಿತ್ತು ಅನ್ನೋದನ್ನು ನಾನು ಗಮನಿಸಿದ್ದು ಆಮೇಲೆ.

ಕಳೆದ ಬೇಸಿಗೆಯಲ್ಲಿ ಅಮ್ಮ ಬಂದಿದ್ದಳು. ಪಾರ್ಕಿನ ಬೆಂಚಿನ ಮೇಲೆ ಕೂತು ಎರಡು ದಿನ ನೋಡಿದಳು. ಮೂರನೇ ದಿನ ಸೆರಗು ಸಿಕ್ಕಿಸಿಕೊಂಡು ಎದ್ದು ಬಂದು, "ಕೊಡು ಇಲ್ಲಿ, ಒದ್ದೆ ಸೀರೆ ಒದರಿ ಹರವಿದ ಹಾಗೆ ಅಲ್ವಾ ಇದು?" ಅಂದಳು. ಹೌದಲ್ಲ! ಒದ್ದೆ ಸೀರೆಯ ಎರಡು ತುದಿ ಹಿಡಿದು ಥಟ್ಟನೆ ನಿಲ್ಲಿಸಿದಾಗ ಅಲೆಯೊಂದು ಆಚೆ ತುದಿಗೆ ಓಡಿ ನೀರು ಸಿಡಿಯುತ್ತಲ್ಲ, ಅದೇ. ಐವತ್ತು ವರ್ಷ ಸೀರೆ ಒದರಿದ ಕೈ ಎರಡೇ ಸಲಕ್ಕೆ ದಾರವನ್ನು ನೇರ ಮಾಡಿತು. ಕೆಂಪು ಉಲ್ಲನ್ ಹೋಗಿ ಹುಲ್ಲಿನ ಮೇಲೆ ಮೆಲ್ಲಗೆ ಕೂತಿತು. "ಮೀನಿಲ್ಲದಿದ್ರೆ ಒಳ್ಳೇ ಆಟನೇ," ಅಂದಳು.

ಫಿಸಿಯೋಥೆರಪಿಸ್ಟ್ ಕೋನಮಾಪಕ ಇಟ್ಟು ಮೊದಲ ದಿನ ಅಳೆದಾಗ ನನ್ನ ತೋಳು 85 ಡಿಗ್ರಿ ಏಳ್ತಿತ್ತು. ಈಗ 165. ಅದರಲ್ಲಿ ಗೋಡೆಯ ಪಾಲೆಷ್ಟು, ಕೋಲಿನ ಪಾಲೆಷ್ಟು ಅಂತ ಬೇರೆ ಮಾಡೋಕೆ ಆಗಲ್ಲ. ಗೋಡೆ ಕೆಲಸ ಮಾಡಿತು, ಕೋಲು ನನ್ನನ್ನು ದಿನವೂ ಮನೆಯಿಂದ ಹೊರಗೆ ಕರೆದುಕೊಂಡು ಹೋಯಿತು. ಮುಂದಿನ ತಿಂಗಳು ಮತ್ತೆ ಸ್ಕ್ಯಾನ್ ಇದೆ. ಹೆದರಿಕೆ ಇದೆ, ಇಲ್ಲ ಅನ್ನಲ್ಲ. ಆದರೆ ಬೆಳಗ್ಗೆ ಸ್ಕೂಲ್ ಬಸ್ ಬರೋ ಮೊದಲು ಮಗಳಿಗೆ ಎರಡು ಜಡೆ ಹಾಕ್ತೀನಿ. ಎತ್ತಿ ಕಟ್ಟಿದ ಜಡೆ, ರಿಬ್ಬನ್ ಸಮೇತ.